ಗಮನಿಸಿದರೆ ಸಾಲದು, ಕೇಳಬೇಕು

ಮಕ್ಕಳ ಆತ್ಮಹತ್ಯೆ ತಡೆಯಲು ಕೇಂದ್ರ ಶಿಕ್ಷಣ ಸಚಿವಾಲಯ 2023ರ ಅಕ್ಟೋಬರ್‌ನಲ್ಲಿ ಹೊರತಂದ ‘ಉಮ್ಮೀದ್’ ಕರಡು ಮಾರ್ಗಸೂಚಿಯನ್ನು ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿ ಪ್ರೌಢಶಾಲೆಯೊಂದನ್ನು ಕಣ್ಣ ಮುಂದಿಟ್ಟುಕೊಂಡು ಓದಬೇಕು. ಅದರ ಸತ್ವವೂ ಕೊರತೆಯೂ ಆಗ ಕಾಣುತ್ತವೆ. 2022ರಲ್ಲಿ ದೇಶ 13,044 ವಿದ್ಯಾರ್ಥಿಗಳನ್ನು ಆತ್ಮಹತ್ಯೆಯಿಂದ ಕಳೆದುಕೊಂಡಿತು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಕೈಕಟ್ಟಿ ಕೂರುವ ಹೊತ್ತಲ್ಲ ಇದು.

ಮುಖ್ಯಶಿಕ್ಷಕರ ನೇತೃತ್ವದಲ್ಲಿ ಶಾಲೆಗೊಂದು ತಂಡವಿರಲಿ, ಹೊಣೆ ಎಲ್ಲ ಸಿಬ್ಬಂದಿಯದೂ ಆಗಲಿ ಎಂಬುದು ಮಾರ್ಗಸೂಚಿಯ ತಿರುಳು. ಇದನ್ನು ಮನಸಾರೆ ಒಪ್ಪುತ್ತೇನೆ. ಯಾವ ಹುಡುಗಿ ನಾಲ್ಕು ದಿನದಿಂದ ತಟ್ಟೆ ಹಿಡಿದು ಬಂದಿಲ್ಲ ಎಂಬುದು ಮೇಷ್ಟರಿಗಿಂತ ಮೊದಲು ಗೊತ್ತಾಗುವುದು ಬಿಸಿಯೂಟ ಬಡಿಸುವ ಅಕ್ಕನಿಗೆ. ಯಾರು ರಾತ್ರಿಯಿಡೀ ಎದ್ದು ಕೂತಿರುತ್ತಾರೆ, ಯಾರು ತಮ್ಮ ಇಷ್ಟದ ವಸ್ತುಗಳನ್ನೆಲ್ಲ ಗೆಳೆಯರಿಗೆ ಹಂಚುತ್ತಿದ್ದಾರೆ ಎಂಬುದು ತಿಳಿಯುವುದು ಹಾಸ್ಟೆಲ್ ವಾರ್ಡನ್‌ಗೆ.

ಆದರೆ ಗಮನಿಸಿದ ಮೇಲೆ? ‘ಚೆನ್ನಾಗಿ ಓದು, ಎಲ್ಲ ಸರಿಹೋಗುತ್ತೆ’ ಎಂದು ಬೆನ್ನು ತಟ್ಟಿ ಕಳಿಸುವುದೇ ಹೆಚ್ಚು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾದೀತೆಂಬ ಅಂಜಿಕೆ ನಮ್ಮಲ್ಲಿದೆ. ಅದು ನಿಜವಲ್ಲವೆಂದು ಅಧ್ಯಯನಗಳು ತೋರಿಸಿವೆ. ಪಕ್ಕದಲ್ಲಿ ಕೂತು, ‘ಸಾಯಬೇಕು ಅಂತ ಅನ್ನಿಸ್ತಿದೆಯಾ, ಮಗ?’ ಎಂದು ಮೆತ್ತಗೆ ಕೇಳಬೇಕು. ಹೌದೆಂದರೆ ಬೈಯಬಾರದು, ಒಂಟಿಯಾಗಿ ಬಿಡಬಾರದು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು.

ಹಾಗೆಂದು ಶಿಕ್ಷಕರ ತರಬೇತಿಯೊಂದನ್ನೇ ನಂಬಿ ಕೂರುವಂತಿಲ್ಲ. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ ನಡೆದು 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಕ್ಷಕರಿಗಷ್ಟೇ ತರಬೇತಿ ಕೊಟ್ಟ ಕಡೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಮನಸ್ಸಿನ ಕಷ್ಟದ ಬಗ್ಗೆ ಮಕ್ಕಳೇ ತರಗತಿಯಲ್ಲಿ ಮಾತಾಡಿ, ಅಭಿನಯಿಸಿ ಕಲಿತ ಕಡೆ ಒಂದು ವರ್ಷದಲ್ಲಿ ಆತ್ಮಹತ್ಯೆಯ ಯತ್ನಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ವೇಳಾಪಟ್ಟಿಯಲ್ಲಿ ಮಕ್ಕಳ ಮಾತಿಗೊಂದು ಪೀರಿಯಡ್ ಬೇಕೇಬೇಕು.

ದೊಡ್ಡವರೂ ನಾಲಿಗೆ ತಿದ್ದಿಕೊಳ್ಳಬೇಕು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದದ್ದು ಒಳ್ಳೆಯ ಸುಧಾರಣೆ. ಒಂದು ಸಲ ಬಿದ್ದರೆ ಎಲ್ಲ ಮುಗಿಯಿತೆಂಬ ಭಯಕ್ಕೆ ಅದು ಮದ್ದು. ಪ್ರಾರ್ಥನೆಯ ಸಾಲಿನಲ್ಲಿ ಕಡಿಮೆ ಅಂಕದವರ ಹೆಸರು ಕೂಗಿದರೆ ಆ ಮದ್ದು ಕೆಲಸ ಮಾಡದು. ಮಕ್ಕಳನ್ನು ಎಲ್ಲರೆದುರು ಅವಮಾನಿಸಬಾರದೆಂದು ಸುಪ್ರೀಂ ಕೋರ್ಟ್ ಕೂಡ 2025ರ ಜುಲೈನಲ್ಲಿ ಹೇಳಿದೆ.

ಅದೇ ತೀರ್ಪಿನಂತೆ ನೂರು ಅಥವಾ ಹೆಚ್ಚು ಮಕ್ಕಳಿರುವ ಸಂಸ್ಥೆಗೆ ಒಬ್ಬ ಆಪ್ತಸಮಾಲೋಚಕರಾದರೂ ಬೇಕು. ಸಣ್ಣ ಶಾಲೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ನಮ್ಮ ಹಳ್ಳಿಗಳಿಗೆ ಮುಖ್ಯವಾದದ್ದು ಈ ಎರಡನೆಯ ಮಾತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗಲೆಂದೇ ರಾಜ್ಯ ‘ಮನೋಚೈತನ್ಯ’ದ ಮಂಗಳವಾರಗಳನ್ನು ರೂಪಿಸಿದೆ, ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಶಾಲೆಯಿಂದ ಅಲ್ಲಿಗೆ ಮಗುವನ್ನು ಕರೆದೊಯ್ಯುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರಬೇಕು.

ಆದ್ದರಿಂದ ಬಿಇಒ ತಪಾಸಣೆಗೆ ಬಂದಾಗ ತರಬೇತಿಯ ಫೋಟೊ ಕೇಳುವುದು ಬೇಡ. ಮಗುವೊಂದು ‘ಸಾಯಬೇಕು ಅನ್ನಿಸ್ತಿದೆ’ ಎಂದರೆ ಜೊತೆಗಿರುವವರು ಯಾರು, ಫೋನ್ ಯಾರಿಗೆ, ಮರುವಾರ ವಿಚಾರಿಸುವವರು ಯಾರು ಎಂದು ಅಡುಗೆಯವರಿಂದ ಮುಖ್ಯಶಿಕ್ಷಕರವರೆಗೆ ಎಲ್ಲರನ್ನೂ ಕೇಳಲಿ. ಮೂರಕ್ಕೂ ತಡವರಿಸದೆ ಉತ್ತರ ಬಂದ ಶಾಲೆಯಲ್ಲಿ ಮಾತ್ರ ಮಾರ್ಗಸೂಚಿ ಜಾರಿಯಾಗಿದೆ ಎನ್ನಬಹುದು.