ಜಾನ್ ಮುರ್ರಾ ಮತ್ತು ಇಂಕಾ ರಾಜ್ಯದ ಕಣಜಗಳು

ಇಂಕಾ ಅರಸರ ಕಣಜಗಳನ್ನು ತುಂಬಿದವರು ಯಾರು? ಅವುಗಳಿಂದ ಉಂಡವರು ಯಾರು? ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶವನ್ನಾಳಿದ ಆ ಸಾಮ್ರಾಜ್ಯವನ್ನು ಕುರಿತ ವಾದವೆಲ್ಲ ಕಟ್ಟಕಡೆಗೆ ಈ ಎರಡು ಪ್ರಶ್ನೆಗಳಿಗೇ ಬಂದು ನಿಲ್ಲುತ್ತದೆ. ಇಂಕಾ ರಾಜವಂಶದ ತಾಯಿಗೂ ಸ್ಪೇನ್ ದೇಶದ ತಂದೆಗೂ ಮಗನಾಗಿ ಹುಟ್ಟಿದ ಗಾರ್ಸಿಲಾಸೊ ದೆ ಲಾ ವೇಗ 1609ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಅರಸನು ಪ್ರಜೆಗಳನ್ನು ಹಸಿವಿನಿಂದ ಕಾಪಾಡುವ ತಂದೆಯಾಗಿ ಕಾಣುತ್ತಾನೆ. 1928ರಲ್ಲಿ ಫ್ರೆಂಚ್ ವಿದ್ವಾಂಸ ಲೂಯಿ ಬೋದಾಂ ಅದೇ ರಾಜ್ಯಕ್ಕೆ ಸಮಾಜವಾದಿ ಸಾಮ್ರಾಜ್ಯವೆಂಬ ಹೆಸರನ್ನಿತ್ತರು. ಈ ಬಗೆಯ ಚಿತ್ರಗಳನ್ನು ಬದಿಗಿರಿಸಿ, ರೈತನ ಹೊಲದಿಂದ ಲೆಕ್ಕವನ್ನು ಪ್ರಾರಂಭಿಸಿದ ಮಾನವಶಾಸ್ತ್ರಜ್ಞರು ಜಾನ್ ವಿ. ಮುರ್ರಾ. ಅವರ ಸಾಧನೆಯನ್ನೂ ಅದರ ಮಿತಿಗಳನ್ನೂ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಮುರ್ರಾ ಅವರು 1916ರಲ್ಲಿ ಒಡೆಸ್ಸಾ ನಗರದಲ್ಲಿ ಜನಿಸಿ ರುಮೇನಿಯಾದಲ್ಲಿ ಬೆಳೆದರು. 1934ರಲ್ಲಿ ಅಮೆರಿಕಕ್ಕೆ ಹೋಗಿ ಷಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿದರು. 1937ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ತೆರಳಿ ಗಣರಾಜ್ಯದ ಪಕ್ಷದಲ್ಲಿ ಹೋರಾಡಿ 1939ರಲ್ಲಿ ಹಿಂದಿರುಗಿದರು. ಈ ಹೋರಾಟಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಅಮೆರಿಕದ ಪೌರತ್ವವು 1950ರವರೆಗೂ, ಪಾಸ್‌ಪೋರ್ಟು 1956ರವರೆಗೂ ಅವರಿಗೆ ದೊರೆಯಲಿಲ್ಲ. 1940ರ ದಶಕದ ಆರಂಭದಲ್ಲಿ ಈಕ್ವಡಾರಿನ ಉತ್ಖನನದಲ್ಲಿ ಪಾಲ್ಗೊಂಡಿದ್ದ ವಿದ್ವಾಂಸರಿಗೆ ಆಂಡೀಸ್ ಹಲವು ವರ್ಷಗಳ ಕಾಲ ಮುಚ್ಚಿದ ಬಾಗಿಲಾಯಿತು. ಕ್ಷೇತ್ರಕ್ಕೆ ಹೋಗಲಾಗದವರು ಗ್ರಂಥಾಲಯದಲ್ಲಿ ಕುಳಿತರು. ಹದಿನಾರನೆಯ ಶತಮಾನದ ಸ್ಪ್ಯಾನಿಷ್ ಬರವಣಿಗೆಗಳನ್ನು ಹೊಸ ಪ್ರಶ್ನೆಗಳೊಡನೆ ಓದಿದರು. 1956ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯವು ಅಂಗೀಕರಿಸಿದ, ಇಂಕಾ ರಾಜ್ಯದ ಆರ್ಥಿಕ ಸಂಘಟನೆಯನ್ನು ಕುರಿತ ಮಹಾಪ್ರಬಂಧವು ಈ ಓದಿನ ಫಲ.

ಆ ಪ್ರಬಂಧದ ಪ್ರತಿಪಾದನೆಯನ್ನು ಹೀಗೆ ಸಂಗ್ರಹಿಸಬಹುದು. ಇಂಕಾ ರಾಜ್ಯದಲ್ಲಿ ನಾಣ್ಯವಿರಲಿಲ್ಲ. ಮಾರುಕಟ್ಟೆಗೆ ಹೆಚ್ಚಿನ ಪ್ರಾಧಾನ್ಯವೂ ಇರಲಿಲ್ಲ. ರಾಜ್ಯವು ರೈತನ ಹೊಲದ ಬೆಳೆಯಲ್ಲಿ ಪಾಲು ಕೇಳದೆ ಅವನ ದುಡಿಮೆಯನ್ನು ಕೇಳಿತು. ಐಲ್ಯು ಎಂಬ ಬಂಧುಸಮುದಾಯಕ್ಕೆ ಸೇರಿದ ರೈತನು ಪಾಳಿಯ ಮೇಲೆ ಅರಸನ ಹೊಲವನ್ನು ಉತ್ತನು, ಸೇತುವೆ ಕಟ್ಟಿದನು, ಸೈನ್ಯದಲ್ಲಿ ನಡೆದನು. ನಮ್ಮ ಶಾಸನಗಳಲ್ಲಿ ಬರುವ ವಿಷ್ಟಿಯು ಇಲ್ಲಿ ನೆನಪಾಗುವುದು ಸಹಜ. ಆದರೆ ಮುರ್ರಾ ಅವರು ಗುರುತಿಸಿದ ವಿಶೇಷವೊಂದಿದೆ. ಹಳ್ಳಿಯಲ್ಲಿ ಒಬ್ಬರ ಹೊಲಕ್ಕೆ ಮತ್ತೊಬ್ಬರು ಬಂದು ದುಡಿದಾಗ ಬಂದವರಿಗೆ ಉಣಬಡಿಸುವುದು ವಾಡಿಕೆ. ರಾಜ್ಯವು ಈ ವಾಡಿಕೆಯ ವೇಷವನ್ನೇ ಧರಿಸಿತು. ಅರಸನ ಹೊಲದಲ್ಲಿ ದುಡಿದವರಿಗೆ ಅರಸನೇ ಊಟವನ್ನೂ ಜೋಳದ ಮದ್ಯವನ್ನೂ ಒದಗಿಸಿದನು. ಕಿತ್ತುಕೊಂಡದ್ದು ಔದಾರ್ಯದ ಮಾತಿನಲ್ಲಿ ಹಿಂದಿರುಗಿ ಬಂತು. ಕಣಜಗಳ ಧಾನ್ಯವು ಮುಖ್ಯವಾಗಿ ಸೈನ್ಯಕ್ಕೂ ಅರಮನೆಗೂ ಆಡಳಿತಕ್ಕೂ ಸಲ್ಲುತ್ತಿತ್ತು. ಬಡವನ ಕ್ಷೇಮವನ್ನು ನೋಡಿಕೊಳ್ಳುತ್ತಿದ್ದುದು ಅವನ ಬಂಧುಸಮುದಾಯವೇ. 1962ರಲ್ಲಿ ಪ್ರಕಟವಾದ ಬಟ್ಟೆಯನ್ನು ಕುರಿತ ಅವರ ಲೇಖನವು ಇದೇ ವಾದವನ್ನು ಮುಂದುವರಿಸುತ್ತದೆ. ರಾಜ್ಯವು ಕೊಟ್ಟ ಉಣ್ಣೆಯನ್ನು ರೈತರು ನೇಯ್ದರು. ಆ ಬಟ್ಟೆಯನ್ನು ಅರಸನು ಸೈನಿಕರಿಗೂ ಸೋತ ನಾಯಕರಿಗೂ ಉಡುಗೊರೆಯಾಗಿತ್ತನು. ಅಂತಹ ಉಡುಗೊರೆಯನ್ನು ಸ್ವೀಕರಿಸುವುದೆಂದರೆ ಅಧೀನತೆಯನ್ನು ಒಪ್ಪಿಕೊಳ್ಳುವುದೇ ಆಗಿತ್ತು.

1963ರಿಂದ ಮುರ್ರಾ ಅವರು ಪೆರುವಿನ ವಾನುಕೊ ಪ್ರದೇಶದಲ್ಲಿ ಪ್ರಾಕ್ತನಶಾಸ್ತ್ರಜ್ಞರನ್ನೂ ಇತರ ತಜ್ಞರನ್ನೂ ಕೂಡಿಸಿ ಸಂಶೋಧನೆ ನಡೆಸಿದರು. ಇಂಕಾ ಆಡಳಿತಕೇಂದ್ರವಾಗಿದ್ದ ವಾನುಕೊ ಪಂಪಾದ ಬಳಿಯ ಬೆಟ್ಟದ ಇಳಿಜಾರಿನಲ್ಲಿ ಸುಮಾರು 500 ಕಣಜಗಳ ಅವಶೇಷಗಳಿವೆ. ಅವುಗಳನ್ನು ಅಭ್ಯಸಿಸಿದ ಕ್ರೇಗ್ ಮಾರಿಸ್, ಅಲ್ಲಿನ ಆಹಾರವು ಬಹುಮಟ್ಟಿಗೆ ಆ ಕೇಂದ್ರದ ಬಳಕೆಗೇ ಸಲ್ಲುತ್ತಿತ್ತೆಂದು ನಿರ್ಣಯಿಸಿದರು. ಗ್ರಂಥಾಲಯದಲ್ಲಿ ಹುಟ್ಟಿದ ಊಹೆಗೆ ನೆಲದ ಸಾಕ್ಷ್ಯವು ಹೀಗೆ ಒದಗಿತು.

ಇದರೊಡನೆ ಸ್ಪ್ಯಾನಿಷ್ ಅಧಿಕಾರಿಗಳ ಎರಡು ತನಿಖಾ ದಫ್ತರಗಳನ್ನು ಮುರ್ರಾ ಅವರು ವಿದ್ವತ್ ಜಗತ್ತಿನ ಮುಂದಿರಿಸಿದರು. ಒಂದು, 1562ರಲ್ಲಿ ವಾನುಕೊ ಸೀಮೆಯಲ್ಲಿ ಮನೆಮನೆಗೂ ಹೋಗಿ ಬರೆದುಕೊಂಡದ್ದು. ಇನ್ನೊಂದು, 1567ರಲ್ಲಿ ಟಿಟಿಕಾಕಾ ಸರೋವರದ ದಡದ ಲುಪಾಕ ಜನರನ್ನು ವಿಚಾರಿಸಿ ಬರೆದದ್ದು. ಇವುಗಳ ಆಧಾರದ ಮೇಲೆ 1972ರಲ್ಲಿ ಅವರು ಪ್ರಸಿದ್ಧವಾದ 'ಲಂಬ ದ್ವೀಪಸಮೂಹ' ಸಿದ್ಧಾಂತವನ್ನು ಮಂಡಿಸಿದರು. ಸುಮಾರು 3,800 ಮೀಟರ್ ಎತ್ತರದಲ್ಲಿದ್ದ ಲುಪಾಕರು ಆಲೂಗಡ್ಡೆ ಬೆಳೆದು ಲಾಮಾ ಹಿಂಡುಗಳನ್ನು ಸಾಕುತ್ತಿದ್ದರು. ಪಶ್ಚಿಮದ ಕರಾವಳಿಯ ಕಣಿವೆಗಳಲ್ಲೂ ಪೂರ್ವದ ಇಳಿಜಾರಿನಲ್ಲೂ ತಮ್ಮವರನ್ನೇ ನೆಲೆಗೊಳಿಸಿ, ಜೋಳ, ಹತ್ತಿ, ಕೋಕಾ ಎಲೆಗಳನ್ನು ಪಡೆಯುತ್ತಿದ್ದರು. ಹಾಗೆ ದೂರ ಹೋದವರು ಹುಟ್ಟೂರಿನ ಹಕ್ಕುಗಳನ್ನು ಕಳೆದುಕೊಳ್ಳುತ್ತಿರಲಿಲ್ಲ. ವ್ಯಾಪಾರವಿಲ್ಲದೆಯೂ ವೈವಿಧ್ಯವು ಸಾಧ್ಯವಾದ ಬಗೆ ಇದು.

ಈ ಸಿದ್ಧಾಂತದ ಸೊಗಸೇ ಅದರ ಅಪಾಯವೂ ಹೌದು. ಅನೇಕರು ಇದನ್ನು ಆಂಡೀಸಿನ ಎಲ್ಲ ಸಮಾಜಗಳಿಗೂ ಹೊಂದುವ ಸೂತ್ರವೆಂದು ಬಗೆದರು. ಆದರೆ ಪೆರುವಿನ ಇತಿಹಾಸಕಾರ್ತಿ ಮರಿಯಾ ರೊಸ್ಟ್‌ವೊರೊವ್‌ಸ್ಕಿ ಕರಾವಳಿಯ ಚಿಂಚಾ ಕಣಿವೆಯಲ್ಲಿ ವಣಿಕರಿದ್ದುದನ್ನು 1970ರಲ್ಲೇ ತೋರಿಸಿದ್ದರು. ಉತ್ತರದ ಕೀಟೊ ಪ್ರದೇಶದಲ್ಲಿ ದೂರವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡವರಿದ್ದುದನ್ನು ವಿವರಿಸಿದವರು ಮುರ್ರಾ ಅವರ ಶಿಷ್ಯರೇ ಆದ ಫ್ರಾಂಕ್ ಸಾಲೊಮನ್. ಆದುದರಿಂದ ಲಂಬ ದ್ವೀಪಸಮೂಹವನ್ನು ಮಧ್ಯ ಮತ್ತು ದಕ್ಷಿಣ ಆಂಡೀಸಿನ ಎತ್ತರದ ನಾಡುಗಳ ಒಂದು ವ್ಯವಸ್ಥೆಯೆಂದು ಗ್ರಹಿಸುವುದೇ ಯುಕ್ತ.

ಮತ್ತೊಂದು ಆಕ್ಷೇಪವನ್ನೂ ಎತ್ತಬೇಕಾಗಿದೆ. ಎರಡು ದಫ್ತರಗಳೂ 1532ರ ಸ್ಪ್ಯಾನಿಷ್ ಆಕ್ರಮಣವಾದ ಸುಮಾರು ಮೂವತ್ತು ವರ್ಷಗಳ ಅನಂತರ, ತೆರಿಗೆಯ ನಿರ್ಧಾರಕ್ಕಾಗಿ ಸಿದ್ಧವಾದವು. ಅಧಿಕಾರಿಯ ಮುಂದೆ ಉತ್ತರವಿತ್ತವರಲ್ಲಿ ನಾಡನಾಯಕರಿದ್ದರು. ಹೊರೆಯನ್ನು ತಗ್ಗಿಸಿಕೊಳ್ಳುವುದರಲ್ಲಿಯೂ ಹಿಂದಿನ ಹಕ್ಕುಗಳನ್ನು ಸಾರುವುದರಲ್ಲಿಯೂ ಅವರಿಗೆ ಹಿತವಿತ್ತು. ದೂರದ ಕಣಿವೆಗೆ ಹೋಗಿ ನೆಲೆಸಿದ ಕುಟುಂಬವು ತಾನಾಗಿ ಹೊರಟಿತೇ, ನಾಯಕನ ಆಜ್ಞೆಯಿಂದ ಹೊರಟಿತೇ? ಅರಸನ ಊಟವನ್ನುಂಡ ರೈತನು ಅದನ್ನು ಔದಾರ್ಯವೆಂದೇ ಬಗೆದನೇ? ಈ ಪ್ರಶ್ನೆಗಳನ್ನು ಮುರ್ರಾ ಅವರು ಸಾಕಷ್ಟು ಬೆನ್ನಟ್ಟಲಿಲ್ಲವೆಂಬುದು ನನ್ನ ಅಭಿಪ್ರಾಯ. ರಾಜ್ಯವು ಆಡಿದ ಭಾಷೆಯನ್ನು ಅವರು ಸ್ಪಷ್ಟವಾಗಿ ಕೇಳಿಸಿದರು. ಅದನ್ನು ಕೇಳಿದವನ ಮೌನವು ಮೌನವಾಗಿಯೇ ಉಳಿಯಿತು.

ಈ ಕೊರತೆಯಿಂದ ಅವರ ಹಿರಿಮೆಗೆ ಕುಂದಿಲ್ಲ. 1956ರ ಮಹಾಪ್ರಬಂಧವು ಸ್ಪ್ಯಾನಿಷ್ ಭಾಷೆಯಲ್ಲಿ ಅಚ್ಚಾದದ್ದು 1978ರಲ್ಲಿ, ಇಂಗ್ಲಿಷಿನಲ್ಲಿ 1980ರಲ್ಲಿ. ಆ ನಡುವಣ ಕಾಲದ ಬಹುಭಾಗವನ್ನು ಅವರು ಇತರರಿಗೂ ಉಪಯೋಗಕ್ಕೆ ಬರುವ ಆಕರಗಳ ಪ್ರಕಟಣೆಗೂ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಶಿಷ್ಯರನ್ನು ಬೆಳೆಸುವುದಕ್ಕೂ ವಿನಿಯೋಗಿಸಿದರು. ಆ ಆಕರಗಳು ಮುದ್ರಿತವಾಗಿರುವುದರಿಂದಲೇ ಇಂದು ನಾವು ಅವರೊಡನೆ ಭಿನ್ನಾಭಿಪ್ರಾಯ ತಾಳಬಲ್ಲೆವು. 2006ರಲ್ಲಿ ನಿಧನರಾದ ಈ ವಿದ್ವಾಂಸರಿಂದ ಇತಿಹಾಸದ ವಿದ್ಯಾರ್ಥಿಯು ಕಲಿಯಬೇಕಾದುದು ಒಂದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಒಂದು ಅಭ್ಯಾಸವನ್ನು: ಅರಸನ ಕಣಜವನ್ನು ಕಂಡು ಬೆರಗಾಗುವ ಮೊದಲು, ಅದರೊಳಗಿನ ಕಾಳು ಯಾರ ಬೆನ್ನಮೇಲೆ ಬಂತೆಂದು ವಿಚಾರಿಸುವುದು.