‘ಸಿ’ ಕಣೋ, ‘ಸಿ’!: ಗೇಮ್ ಶೋ ನೋಡುವವರಿಗೊಂದು ಕೈಪಿಡಿ

2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ಶುರು ಮಾಡಿದಾಗ ನಮ್ಮ ದೊಡ್ಡಮ್ಮನಿಗೆ ಎಪ್ಪತ್ತು ದಾಟಿತ್ತು. ಓದಿದ್ದು ನಾಲ್ಕನೇ ಕ್ಲಾಸು. ರಾತ್ರಿ ತಟ್ಟೆ ಮಡಿಲಲ್ಲಿ, ಕಣ್ಣು ಟಿವಿಯಲ್ಲಿ. ಒಂದು ದಿನ ಹಾಟ್ ಸೀಟಿನಲ್ಲಿ ಕೂತ ಹುಡುಗ ತಡವರಿಸುತ್ತಿದ್ದ. ದೊಡ್ಡಮ್ಮ ಸಾರನ್ನ ಕಲಸಿದ ಕೈಯನ್ನೇ ಎತ್ತಿ, “ಸಿ ಕಣೋ, ಸಿ! ಅಷ್ಟೂ ಗೊತ್ತಾಗಲ್ವೇನೋ ಮುಂಡೇದೇ” ಎಂದು ಟಿವಿಗೆ ಬೈದರು. ಹುಡುಗ ‘ಎ’ ಎಂದ. ಸರಿಯುತ್ತರ ‘ಬಿ’ ಆಗಿತ್ತು. ದೊಡ್ಡಮ್ಮನಿಗೆ ಕಿಂಚಿತ್ತೂ ಬೇಜಾರಿಲ್ಲ. “ನಾನೂ ಬಿ ಅಂತಲೇ ಅಂದ್ಕೊಂಡಿದ್ದೆ” ಎಂದು ಮಜ್ಜಿಗೆ ಬಡಿಸಿಕೊಂಡರು.

ಸಾರ್ವಕಾಲಿಕ ಶ್ರೇಷ್ಠ ಗೇಮ್ ಶೋ ಯಾವುದು ಎಂಬ ಜಗಳಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಕೊಡುವ ಅಳತೆಗೋಲು ಆ ಎತ್ತಿದ ಕೈ. ಮೊದಲು ಪರದೆ ಬಿಟ್ಟು, ಅದರ ಎದುರು ಕೂತವರನ್ನು ನೋಡಿ. ಅವರು ಸುಮ್ಮನೆ ನೋಡುತ್ತಿದ್ದಾರೋ, ಆಡುತ್ತಿದ್ದಾರೋ? ಅದರಲ್ಲೂ ಉತ್ತರ ಗೊತ್ತಿಲ್ಲದವರು ಆಡುತ್ತಿದ್ದಾರೋ?

ಈ ಮಾತನ್ನು ನಮ್ಮ ಭಾವ ಒಪ್ಪುವುದಿಲ್ಲ. 1983ರಲ್ಲಿ ಶುರುವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನ ಕ್ವಿಜ್‌ಗಳಿಗೆ ತಪ್ಪದೆ ಹೋಗುವ ಮನುಷ್ಯ. “ನಾಲ್ಕು ಆಯ್ಕೆ ಕೊಟ್ಟಮೇಲೆ ಅದೆಂಥ ಪ್ರಶ್ನೆ? ಅದು ಕಣ್ಣು ಮುಚ್ಚಿ ಕಲ್ಲು ಹೊಡೆಯೋದು” ಎನ್ನುವುದು ಅವರ ವಾದ. ಅವರ ಪಾಲಿಗೆ ಅಮೆರಿಕದ ‘ಜೆಪರ್ಡಿ’ಯೇ ಮೊದಲು, ಉಳಿದವೆಲ್ಲ ಆಮೇಲೆ. ಈ ಕೈಪಿಡಿಯ ಅರ್ಧ ಅವರ ಜೊತೆಗಿನ ಜಗಳದಲ್ಲೇ ಹುಟ್ಟಿದ್ದು.

ಬಹುಮಾನದ ಮೊತ್ತ ಹಿಡಿದು ಶ್ರೇಷ್ಠತೆ ಅಳೆಯುವವರಿದ್ದಾರೆ. ಅವರಿಗೆ ಒಂದೇ ಉದಾಹರಣೆ ಸಾಕು. 2000ದ ಜುಲೈನಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಅಮಿತಾಭ್ ಬಚ್ಚನ್ ‘ಕೌನ್ ಬನೇಗಾ ಕರೋಡ್‌ಪತಿ’ ಶುರು ಮಾಡಿ ಒಂದು ಕೋಟಿ ಇಟ್ಟರು. ಅದೇ ವರ್ಷ ಜೀ ಟಿವಿ ಹತ್ತು ಕೋಟಿ ಇಟ್ಟು, ಅನುಪಮ್ ಖೇರ್, ಮನೀಷಾ ಕೊಯಿರಾಲ ಇಬ್ಬರನ್ನೂ ಕೂರಿಸಿ ‘ಸವಾಲ್ ದಸ್ ಕ್ರೋರ್ ಕಾ’ ತಂದಿತು. ಹತ್ತು ಪಟ್ಟು ದುಡ್ಡು, ಇಬ್ಬರು ತಾರೆಯರು. ಕೆಲವೇ ತಿಂಗಳಲ್ಲಿ ಮುಗಿದುಹೋಯಿತು. ಇಂದು ಅದರ ಹೆಸರು ಹೇಳಿದರೆ ನಗುವವರೂ ಕಡಿಮೆ.

ಹಾಗಾದರೆ ನೋಡಬೇಕಾದದ್ದು ನಿಯಮವನ್ನು. ಕೋಟ್ಯಧಿಪತಿಯ ತಾಯಿಬೇರು ಬ್ರಿಟನ್ನಿನ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’. 1998ರ ಸೆಪ್ಟೆಂಬರ್ 4ರಂದು ಐಟಿವಿಯಲ್ಲಿ ಮೊದಲ ಕಂತು, ನಿರೂಪಕ ಕ್ರಿಸ್ ಟರಂಟ್. ಅದರಲ್ಲಿ ಹದಿನೈದು ಪ್ರಶ್ನೆ, ನಾಲ್ಕು ಆಯ್ಕೆ ಇದ್ದದ್ದು ಎಲ್ಲರಿಗೂ ಗೊತ್ತು. ಎಲ್ಲರ ಕಣ್ಣಿಗೆ ಬೀಳದ್ದು ಬೇರೆ ಎರಡಿವೆ. ಒಂದು, ಪ್ರಶ್ನೆ ನೋಡಿದ ಮೇಲೂ ಸ್ಪರ್ಧಿ ಎದ್ದು ಹೋಗಬಹುದು. ಪ್ರಶ್ನೆ ಕಾಣುವ ಮುಂಚೆಯೇ ‘ಇರ್ತೀಯೋ, ಹೋಗ್ತೀಯೋ’ ಎಂದು ಕೇಳಿದ್ದರೆ ಅದು ಬರೀ ಜೂಜಾಗುತ್ತಿತ್ತು. ಈಗ ಉತ್ತರ ಕಣ್ಣೆದುರೇ ಇದೆ, ನಾಲ್ಕರಲ್ಲಿ ಒಂದಾಗಿ. ಗೆದ್ದ ದುಡ್ಡೂ ಜೇಬಿನಲ್ಲಿದ್ದ ಹಾಗೇ. ನಂಬಬೇಕಾದ್ದು ತನ್ನ ನೆನಪನ್ನು ಮಾತ್ರ. ಇನ್ನೊಂದು, ಮೂಲ ಆಟದಲ್ಲಿ ಉತ್ತರಿಸಲು ಗಡಿಯಾರವೇ ಇರಲಿಲ್ಲ. ಒಬ್ಬ ಮನುಷ್ಯನ ಅನುಮಾನವನ್ನು ಅವನು ಸಾಕೆನ್ನುವವರೆಗೂ ನೋಡುತ್ತ ಕೂರಬಹುದಿತ್ತು. ಹಿಂದಿಯಲ್ಲಿ ಮುಂದೆ ಆರಂಭದ ಪ್ರಶ್ನೆಗಳಿಗೆ ಗಡಿಯಾರ ತಂದರು. ಆಟ ಚುರುಕಾಯಿತು, ನಿಜ. ನನಗೇನೋ ಸಾರಿಗೆ ನೀರು ಬೆರೆಸಿದಂತಾಯಿತು.

ಒಮ್ಮೆ ಕಣ್ಣು ಮುಚ್ಚಿ ಬರೀ ಕಿವಿಯಿಂದ ಆ ಶೋ ಕೇಳಿ. ಕೀತ್ ಸ್ಟ್ರಾಚನ್ ಮತ್ತು ಮ್ಯಾಥ್ಯೂ ಸ್ಟ್ರಾಚನ್, ತಂದೆ ಮಗ, ಹೆಣೆದ ಸಂಗೀತ ಅದು. ಮೇಲಿನ ಪ್ರಶ್ನೆಗಳಿಗೆ ಹತ್ತಿದಂತೆ ಹಿನ್ನೆಲೆಯ ಶ್ರುತಿ ಅರ್ಧರ್ಧ ಸ್ವರ ಏರುತ್ತ ಹೋಗುತ್ತದೆ. ಏರಿದ್ದು ನಮಗೆ ತಿಳಿಯುವುದಿಲ್ಲ, ಅಂಗೈ ಮಾತ್ರ ಬೆವರಿರುತ್ತದೆ. ತಂಬೂರಿಯವರು ಕಛೇರಿಯ ನಡುವೆ ಯಾರಿಗೂ ಹೇಳದೆ ಶ್ರುತಿ ಏರಿಸಿಬಿಟ್ಟರೆ ಹಾಡುವವರ ಗತಿ ಏನಾದೀತು, ಯೋಚಿಸಿ.

1999ರ ನವೆಂಬರಿನಲ್ಲಿ ಅಮೆರಿಕದ ಆವೃತ್ತಿಯಲ್ಲಿ ನಡೆದದ್ದನ್ನು ಹುಡುಕಿ ನೋಡಿ. ಜಾನ್ ಕಾರ್ಪೆಂಟರ್ ಎಂಬ ತೆರಿಗೆ ಇಲಾಖೆಯ ನೌಕರ ‘ಲೈಫ್‌ಲೈನ್’ ಎಂಬ ಸಹಾಯಗಳಲ್ಲಿ ಒಂದನ್ನೂ ಮುಟ್ಟದೆ ಹತ್ತು ಲಕ್ಷ ಡಾಲರಿನ ಪ್ರಶ್ನೆಗೆ ಬಂದ. ‘ಲಾಫ್ ಇನ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ ಅಮೆರಿಕದ ಅಧ್ಯಕ್ಷ ಯಾರು ಎಂಬುದು ಪ್ರಶ್ನೆ. ಅಲ್ಲಿ ಅವನು ಅಪ್ಪನಿಗೆ ಫೋನ್ ಹಚ್ಚಿಸಿದ. ಸಹಾಯ ಬೇಡ, ನಾನು ಗೆಲ್ಲುತ್ತಿದ್ದೇನೆ ಅಂತ ಹೇಳೋಕೆ ಮಾಡಿದೆ ಎಂದ. ಆಮೇಲೆ ನಿಕ್ಸನ್ ಎಂದು ಉತ್ತರಿಸಿ ಗೆದ್ದ. ನಿಯಮ ಕೊಟ್ಟ ಊರುಗೋಲನ್ನು ಮೀಸೆ ತಿರುವಲು ಬಳಸಿಕೊಂಡ ಆಸಾಮಿ. ನಿಯಮ ಗಟ್ಟಿಯಾಗಿದ್ದರೆ ಮಾತ್ರ ಇಂಥ ತುಂಟತನಕ್ಕೆ ಜಾಗ ಸಿಗುತ್ತದೆ.

ಈಗ ಭಾವನ ಪಕ್ಷ. ‘ಜೆಪರ್ಡಿ’ಯನ್ನು ಅರಿಯಬೇಕಾದರೆ 1956ರ ಒಂದು ಹಗರಣಕ್ಕೆ ಹೋಗಬೇಕು. ‘ಟ್ವೆಂಟಿ ಒನ್’ ಎಂಬ ಕ್ವಿಜ್‌ನಲ್ಲಿ ಹರ್ಬರ್ಟ್ ಸ್ಟೆಂಪೆಲ್ ಎಂಬಾತ ಗೆಲ್ಲುತ್ತಲೇ ಇದ್ದ. ಅವನನ್ನು ಇಳಿಸಿ, ನೋಡಲು ಚೆಂದದ ಅಧ್ಯಾಪಕ ಚಾರ್ಲ್ಸ್ ವಾನ್ ಡೋರೆನ್‌ನನ್ನು ಏರಿಸಬೇಕೆಂದು ನಿರ್ಮಾಪಕರಿಗೆ ಅನಿಸಿತು. ಹಿಂದಿನ ವರ್ಷದ ಶ್ರೇಷ್ಠ ಚಿತ್ರದ ಆಸ್ಕರ್ ಯಾವುದಕ್ಕೆ ಎಂಬ ಪ್ರಶ್ನೆಗೆ ‘ಮಾರ್ಟಿ’ ಎಂಬ ಉತ್ತರ ಸ್ಟೆಂಪೆಲ್‌ಗೆ ಚೆನ್ನಾಗಿ ಗೊತ್ತಿತ್ತು. ತಪ್ಪು ಹೇಳು ಎಂದು ಹೇಳಿಕೊಟ್ಟಿದ್ದರು, ತಪ್ಪು ಹೇಳಿದ. 1959ರಲ್ಲಿ ವಾನ್ ಡೋರೆನ್ ಅಮೆರಿಕದ ಸಂಸತ್ತಿನ ಸಮಿತಿಯೆದುರು, ತನಗೆ ಮೊದಲೇ ಉತ್ತರ ಕೊಟ್ಟಿದ್ದರೆಂಬುದೂ ಸೇರಿ, ಎಲ್ಲವನ್ನೂ ಒಪ್ಪಿಕೊಂಡ. ಕ್ವಿಜ್ ಎಂದರೆ ಜನ ಮೂಗು ಮುರಿಯತೊಡಗಿದರು.

ಮುಂದೆ ಮರ್ವ್ ಗ್ರಿಫಿನ್ ಎಂಬ ನಿರ್ಮಾಪಕ ಹೊಸ ಕ್ವಿಜ್ ಮಾಡುವ ಯೋಚನೆಯಲ್ಲಿದ್ದಾಗ ಹೆಂಡತಿ ಜೂಲಾನ್ ಹೇಳಿದ್ದು ಇಷ್ಟು: ಉತ್ತರ ಮೊದಲೇ ಕೊಟ್ಟುಬಿಡಿ, ಪ್ರಶ್ನೆಯನ್ನು ಅವರು ಹೇಳಲಿ. ಕದ್ದು ಉತ್ತರ ಕೊಟ್ಟದ್ದಕ್ಕೆ ಮಾನ ಹೋದ ಕಡೆ ರಾಜಾರೋಷವಾಗಿ ಉತ್ತರ ಕೊಡುವ ಆಟ! 1964ರಲ್ಲಿ ಹೀಗೆ ಬಂತು ‘ಜೆಪರ್ಡಿ’. 1984ರಿಂದ ತಾವು ತೀರಿಕೊಂಡ 2020ರವರೆಗೆ ಅಲೆಕ್ಸ್ ಟ್ರಬೆಕ್ ಅದನ್ನು ನಡೆಸಿದರು.

ಅದನ್ನು ನೋಡುವಾಗ ಹೆಬ್ಬೆರಳು ನೋಡಿ. ಮೂವರು ಸ್ಪರ್ಧಿಗಳಿಗೂ ಬಹುಪಾಲು ಉತ್ತರ ಗೊತ್ತಿರುತ್ತದೆ. ನಿರೂಪಕರು ಓದಿ ಮುಗಿಸಿದ ಮೇಲೆ ಬೋರ್ಡಿನ ಪಕ್ಕ ದೀಪ ಹತ್ತುತ್ತದೆ, ಆಗ ಮಾತ್ರ ಬಝರ್ ಕೆಲಸ ಮಾಡುತ್ತದೆ. ಆತುರಪಟ್ಟು ಮೊದಲೇ ಒತ್ತಿದರೆ ಕಾಲು ಸೆಕೆಂಡು ಬೀಗ. ಆ ಕಾಲು ಸೆಕೆಂಡಿನಲ್ಲಿ ಪಕ್ಕದವನು ಹಾರಿಸಿಕೊಂಡು ಹೋಗಿರುತ್ತಾನೆ. ಎಲ್ಲ ಗೊತ್ತಿದ್ದೂ ಬಾಯಿ ಬಿಡಲಾಗದೆ ನಿಂತವನ ಮುಖ ಇದೆಯಲ್ಲ, ಅದೊಂದು ರಸ. 2004ರಲ್ಲಿ ಕೆನ್ ಜೆನ್ನಿಂಗ್ಸ್ ಒಂದರ ಮೇಲೊಂದು 74 ಆಟ ಗೆದ್ದ. 75ನೆಯದರ ಕೊನೆಯ ಸುಳಿವು ಒಂದು ಕಂಪನಿಯದು: ಅದರ 70,000 ಹಂಗಾಮಿ ನೌಕರರಲ್ಲಿ ಬಹುಪಾಲು ಜನ ವರ್ಷಕ್ಕೆ ನಾಲ್ಕೇ ತಿಂಗಳು ದುಡಿಯುತ್ತಾರೆ. ಕ್ರಿಸ್‌ಮಸ್ ಪಾರ್ಸೆಲ್ ಗಲಾಟೆ ನೆನೆದು ‘ಫೆಡೆಕ್ಸ್’ ಎಂದು ಬರೆದ. ಬೇಕಿದ್ದದ್ದು ತೆರಿಗೆ ಲೆಕ್ಕ ಮಾಡಿಕೊಡುವ ‘ಎಚ್ ಅಂಡ್ ಆರ್ ಬ್ಲಾಕ್’. 25 ಲಕ್ಷ ಡಾಲರ್ ದಾಟಿ ಗೆದ್ದವನು ತೆರಿಗೆ ಹಂಗಾಮಿನಲ್ಲಿ ಬಿದ್ದ ಎಂದು ನಾನು ನಕ್ಕರೆ ಭಾವ ಇವತ್ತಿಗೂ ಮುಖ ಗಂಟು ಹಾಕುತ್ತಾರೆ.

ಆದರೂ ‘ಜೆಪರ್ಡಿ’ಗೆ ನಾನು ಎರಡನೆಯ ಮಣೆಯನ್ನೇ ಹಾಕುವುದು. ಅದರೆದುರು ಗೊತ್ತಿಲ್ಲದವನು ಮೂಕ. ‘ದ ಪ್ರೈಸ್ ಈಸ್ ರೈಟ್’ದು ಇದರ ಉಲ್ಟಾ ಕಥೆ. ಸಾಮಾನಿನ ಬೆಲೆ ಊಹಿಸುವ ಆ ಆಟದಲ್ಲಿ ಅಂಗಡಿಗೆ ಹೋಗಿಬರುವ ಪ್ರತಿಯೊಬ್ಬ ಅಮೆರಿಕನ್ನನೂ ಪಂಡಿತ, ಆದರೆ ಅಲ್ಲಿನ ಅಂಗಡಿ ಕಾಣದ ನಮಗೆ ಪಾತ್ರೆ ತೊಳೆಯುವ ಸೋಪಿನ ಡಾಲರ್ ಬೆಲೆ ಕಟ್ಟಿಕೊಂಡು ಏನಾಗಬೇಕು? ಯಾರಾದರೂ ಅದನ್ನು ಜಗತ್ತಿಗೇ ಶ್ರೇಷ್ಠ ಎಂದರೆ, ಎಲ್ಲಿ ಕೂತು ನೋಡಿದಿರಿ ಎಂದು ಕೇಳಿ.

ಅದೃಷ್ಟದ ಆಟಗಳನ್ನು ಕೀಳೆಂದು ತಳ್ಳಬೇಡಿ. ‘ಪ್ರೆಸ್ ಯುವರ್ ಲಕ್’ ಸಾಧಾರಣ ಶೋ. ಬೋರ್ಡಿನ ಮೇಲೆ 18 ಚೌಕ, ಅವುಗಳ ಮೇಲೆ ಓಡುವ ಬೆಳಕು. ಗುಂಡಿ ಒತ್ತಿ ನಿಲ್ಲಿಸಬೇಕು. ದುಡ್ಡಿನ ಮೇಲೆ ನಿಂತರೆ ದುಡ್ಡು, ‘ವ್ಯಾಮಿ’ ಎಂಬ ಕೆಂಪು ಪಿಶಾಚಿಯ ಮೇಲೆ ನಿಂತರೆ ಗೆದ್ದದ್ದೆಲ್ಲ ಗುಳುಂ. ಒಹಾಯೊದ ಮೈಕೆಲ್ ಲಾರ್ಸನ್ ಮನೆಯಲ್ಲಿ ಕ್ಯಾಸೆಟ್ ಹಾಕಿ ಹಾಕಿ ನೋಡಿ, ಬೆಳಕಿನ ಓಟ ಐದೇ ದಾರಿಯಲ್ಲಿ ಎಂದು ಕಂಡುಕೊಂಡ. ಎರಡು ಚೌಕಗಳಲ್ಲಿ ವ್ಯಾಮಿ ಬರುವುದೇ ಇಲ್ಲವೆಂದೂ ಗೊತ್ತಾಯಿತು. ಐದನ್ನೂ ಬಾಯಿಪಾಠ ಮಾಡಿ 1984ರಲ್ಲಿ ಸ್ಟುಡಿಯೊಗೆ ಬಂದ. ಒತ್ತಿದ, ದುಡ್ಡು. ಮತ್ತೆ ಒತ್ತಿದ, ದುಡ್ಡು. ನಿರೂಪಕರ ಮುಖದ ನಗು ಮೆಲ್ಲಗೆ ಬೆರಗಾಗಿ, ಆಮೇಲೆ ಗಾಬರಿಯಾಗುವುದನ್ನು ತಪ್ಪದೆ ನೋಡಿ. ಲಾರ್ಸನ್‌ನ ಕಣ್ಣನ್ನೂ ನೋಡಿ: ಉಳಿದವರು ದೇವರ ಮೇಲೆ ಭಾರ ಹಾಕಿ ಒತ್ತಿದರೆ, ಇವನು ಬೆಳಕಿನ ಬೆನ್ನು ಹತ್ತಿ ಕಾಯುತ್ತಾನೆ. ತಪ್ಪದ ಗುರಿಗೆ ಹಿಗ್ಗುವುದು ಮಾತ್ರ ಒಂದು ಕ್ಷಣ ಬೇಗ, ಬೆಳಕು ನಿಂತದ್ದೆಲ್ಲಿ ಎಂದು ಬೇರೆಯವರಿಗೆ ಕಾಣುವ ಮುಂಚೆಯೇ. ಒಟ್ಟು 1,10,237 ಡಾಲರ್. ಮೋಸವೇ ಇದು ಎಂದು ವಾಹಿನಿಯವರು ತಲೆ ಕೆರೆದುಕೊಂಡರೂ ಮುರಿದ ನಿಯಮ ಒಂದೂ ಸಿಗಲಿಲ್ಲ, ದುಡ್ಡು ಕೊಟ್ಟರು. ಶ್ರೇಷ್ಠ ಶೋ ಬೇರೆ, ಶ್ರೇಷ್ಠ ಕಂತು ಬೇರೆ. ಕಂತುಗಳ ಪಟ್ಟಿಯಲ್ಲಿ ನನಗೆ ಇದೇ ಮೊದಲು.

ನಿರೂಪಕರ ಮತ್ತು ಶೋದ ವಾತಾವರಣದ ವಿಷಯ ಬೇಗ ಮುಗಿಸುತ್ತೇನೆ, ಅಲ್ಲಿ ಅಭಿಮಾನವೇ ಹೆಚ್ಚು, ವಾದ ಕಡಿಮೆ. ಬಿಬಿಸಿಯ ‘ಮಾಸ್ಟರ್‌ಮೈಂಡ್’ ರೂಪಿಸಿದ ಬಿಲ್ ರೈಟ್ ಯುದ್ಧಕೈದಿಯಾಗಿ ಗೆಸ್ಟಾಪೊ ವಿಚಾರಣೆ ಎದುರಿಸಿದ್ದವರು. ಆ ಕತ್ತಲು, ಒಂಟಿ ಕಪ್ಪು ಕುರ್ಚಿ, ಕಣ್ಣಿಗೆ ಬಡಿಯುವ ದೀಪ ಅಲ್ಲಿಂದ ಬಂದದ್ದು. ಅದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ ನಮ್ಮ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಇದೆ. 2002ರಿಂದ ಸಾವಿರಾರು ಕಂತು, ವೃತ್ತಿಯಿಂದ ವೈದ್ಯರಾದ ನಾ. ಸೋಮೇಶ್ವರ, ಬಹುಮಾನವಾಗಿ ಪುಸ್ತಕ. ಯಾರಾದರೂ ತಪ್ಪು ಉತ್ತರ ಕೊಟ್ಟಾಗ ಸೋಮೇಶ್ವರರನ್ನು ಗಮನಿಸಿ: ಸ್ಪರ್ಧಿಯ ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ, ಸರಿಯುತ್ತರದ ಹಿಂದಿನ ಕಥೆಯನ್ನು ನಿಧಾನವಾಗಿ ಬಿಡಿಸುತ್ತಾರೆ. ದುಡ್ಡೇ ಇಲ್ಲದೆಯೂ ಇಷ್ಟು ವರ್ಷ ಬಾಳಿದ ಆಟವನ್ನು ಪಟ್ಟಿಯಲ್ಲಿ ಎಲ್ಲಿಡಬೇಕೆಂದು ಭಾವನಿಗೂ ನನಗೂ ಇನ್ನೂ ಬಗೆಹರಿದಿಲ್ಲ. ಅದನ್ನು ಪಟ್ಟಿಯಿಂದ ಬಿಡಬಾರದು ಎನ್ನುವಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಕಳೆದ ಯುಗಾದಿಗೆ ಎಲ್ಲರೂ ಸೇರಿದ್ದಾಗ, ಹೋಳಿಗೆ ಊಟ ಮುಗಿಸಿ ಎಲೆಯಡಿಕೆಗೆ ಕೂತಲ್ಲೇ ಭಾವ ಒಂದು ಕ್ವಿಜ್ ನಡೆಸಿದರು. ಅವರ ಶಾಸ್ತ್ರದ ಪ್ರಕಾರ ಆಯ್ಕೆಗಳಿಲ್ಲ. ಮೂರು ಪ್ರಶ್ನೆ ಹೋಯಿತು. ನಡುಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಜಾರಿಕೊಂಡವು. ನಾಲ್ಕನೆಯದಕ್ಕೆ ದೊಡ್ಡಮ್ಮ ಅಡಿಕೆ ಕತ್ತರಿಸುವುದು ನಿಲ್ಲಿಸಿ, “ಅಳಿಯಂದ್ರೇ, ಎ, ಬಿ, ಸಿ, ಡಿ ಏನಾದ್ರೂ ಕೊಡೀಪ್ಪಾ” ಎಂದರು. ಭಾವ ನನ್ನ ಕಡೆ ನೋಡಿದರು, ನಾನು ಸೂರು ನೋಡಿದೆ. ಕೊನೆಗೆ ಗಂಟಲು ಸರಿಮಾಡಿಕೊಂಡು ‘ಎ’ ಎಂದು ಶುರುಮಾಡಿದರು. ಜಗುಲಿಯಿಂದ ಮಕ್ಕಳು ಒಳಗೆ ಇಣುಕಿದವು. ಅವರಿನ್ನೂ ‘ಡಿ’ ಹೇಳಿ ಮುಗಿಸಿರಲಿಲ್ಲ.

“ಸಿ!” ಎಂದರು ದೊಡ್ಡಮ್ಮ, ಅಡಕತ್ತರಿ ಎತ್ತಿ ಹಿಡಿದು.