ಭಿತರ್‌ಕನಿಕಾ: ದೋಣಿ ಏರಲು ತಕ್ಕ ಹೊತ್ತು

ಒಡಿಶಾದ ಕೇಂದ್ರಪಾಡಾ ಜಿಲ್ಲೆಯಲ್ಲಿ, ಬ್ರಾಹ್ಮಣಿ ಮತ್ತು ಬೈತರಣಿ ನದಿಗಳು ಕಡಲು ಸೇರುವ ಮುಖಜಭೂಮಿಯಲ್ಲಿ, 145 ಚದರ ಕಿಲೋಮೀಟರ್ ವಿಸ್ತಾರದ ಭಿತರ್‌ಕನಿಕಾ ಕಾಡು 1998ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇದು ಕಾಂಡ್ಲಾ ಕಾಡು, ಅಂದರೆ ಉಪ್ಪುಕೆಸರಿನಲ್ಲಿ ನೆಲೆನಿಂತು ಉಸಿರಾಟದ ಬೇರುಗಳನ್ನು ನೆಲದ ಮೇಲಕ್ಕೆ ಚಾಚುವ ಮರಗಳ ಸಮೂಹವಾದ್ದರಿಂದ, ಇದನ್ನು ಬಹುಮಟ್ಟಿಗೆ ದೋಣಿಯಿಂದಲೇ ನೋಡಬೇಕು. ಹೀಗಿದ್ದೂ ಊಟ, ವಸತಿ, ರೈಲುಗಳ ವೇಳೆಯನ್ನೆಲ್ಲ ಹೊಂದಿಸಿಕೊಳ್ಳುವ ಪ್ರವಾಸಿಗರಲ್ಲಿ ಉಬ್ಬರವಿಳಿತದ ಪಟ್ಟಿಯನ್ನು ತೆರೆದು ನೋಡುವವರು ವಿರಳ.

ಸಮುದ್ರದ ನೀರು ಸುಮಾರು 24 ಗಂಟೆ 50 ನಿಮಿಷಗಳಲ್ಲಿ ಎರಡು ಸಲ ಏರಿ ಎರಡು ಸಲ ಇಳಿಯುವುದರಿಂದ ಇಳಿತದ ವೇಳೆ ದಿನಕ್ಕೆ ಸರಾಸರಿ 50 ನಿಮಿಷದಷ್ಟು ಮುಂದಕ್ಕೆ ಸರಿಯುತ್ತದೆ. ಇಲ್ಲಿನ ಉಪ್ಪುನೀರಿನ ಮೊಸಳೆ (ರಂಗನತಿಟ್ಟಿನಲ್ಲಿ ಕಾಣುವ ಸಿಹಿನೀರಿನ ಮಗ್ಗರ್‌ಗಿಂತ ಬೇರೆಯೇ ಆದ, ಅದಕ್ಕಿಂತ ಬಹಳ ದೊಡ್ಡದಾಗಿ ಬೆಳೆಯುವ ಜಾತಿ) ತಣ್ಣೆತ್ತರಿನ ಪ್ರಾಣಿಯಾದ್ದರಿಂದ, ಚಳಿಗಾಲದಲ್ಲಿ ನೀರಿಳಿದು ಕೆಸರುದಂಡೆ ತೆರೆದುಕೊಂಡಾಗ ಬಿಸಿಲು ಕಾಯಲು ಮೇಲೇರುತ್ತದೆ. ಆದರೆ ಅದೇ ಇಳಿತದಲ್ಲಿ ಕಿರುಗಾಲುವೆಗಳು ಬತ್ತಿ ದೋಣಿಗೆ ದಾರಿಯಿಲ್ಲದಂತಾಗುತ್ತದೆ. ಮೊಸಳೆಗೆ ಇಳಿತ, ಮಿಂಚುಳ್ಳಿಗಳಿರುವ ಒಳಗಾಲುವೆಗೆ ಏರುನೀರು ಬೇಕೆಂದ ಮೇಲೆ, ಬೆಳಗಿನ ಹತ್ತರ ಸುಮಾರಿಗೆ ಪೂರ್ಣ ಇಳಿತ ಬೀಳುವ ದಿನವನ್ನು ಆರಿಸಿಕೊಂಡು, ಮೊದಲು ದೊಡ್ಡ ಹೊಳೆಯ ದಂಡೆಗಳನ್ನು ನೋಡಿ, ಅನಂತರ ಏರುವ ನೀರಿನ ಬೆನ್ನುಹಿಡಿದು ಒಳಹೋಗುವುದೇ ಸರಿಯಾದ ಕ್ರಮ. ಏರುವಾಗ ಕೆಸರಿಗೆ ಸಿಕ್ಕಿಕೊಂಡ ದೋಣಿಯನ್ನು ನೀರೇ ಎತ್ತಿ ಬಿಡಿಸುತ್ತದೆ, ಇಳಿಯುವಾಗ ಸಿಕ್ಕಿಕೊಂಡದ್ದು ಮುಂದಿನ ಉಬ್ಬರದವರೆಗೆ ಅಲ್ಲೇ. ಸರ್ವೇ ಆಫ್ ಇಂಡಿಯಾ ಪ್ರತಿವರ್ಷ ಪ್ರಕಟಿಸುವ ಪಟ್ಟಿಯು ಕರಾವಳಿಯ ಬಂದರುಗಳ ವೇಳೆಯನ್ನು ಕೊಡುತ್ತದಾದರೂ, ಒಳನಾಡಿನ ಕಾಲುವೆಗೆ ಉಬ್ಬರ ತಲುಪುವುದು ತಡವಾದ್ದರಿಂದ, ಆ ಅಂತರವನ್ನು ಅಂಬಿಗನನ್ನೇ ಕೇಳಿ ತಿಳಿಯಬೇಕು.

ಮೊಸಳೆಗಳು ಎಲೆಗಳನ್ನು ಗುಡ್ಡೆಹಾಕಿ ಮೊಟ್ಟೆಯಿಡುವ ಮೇ ತಿಂಗಳಿಂದ ಜುಲೈವರೆಗೆ ಉದ್ಯಾನ ಮುಚ್ಚಿರುತ್ತದೆ. ಉದ್ಯಾನದೊಳಗಿನ ಬಗಗಹನವೆಂಬ ಜಾಗದಲ್ಲಿ ಕೊಕ್ಕರೆಗಳ ಗೂಡು ತುಂಬಿರುವುದು ಮಳೆಗಾಲದಲ್ಲಿ, ದಂಡೆಗಳಲ್ಲಿ ಮೊಸಳೆ ಧಾರಾಳವಾಗಿ ಕಾಣುವುದು ಚಳಿಗಾಲದಲ್ಲಿ. ಎರಡನ್ನೂ ಒಂದೇ ದಿನದಲ್ಲಿ ತೋರಿಸುವೆವೆನ್ನುವ ಜಾಹೀರಾತನ್ನು ನಂಬಬಾರದು. 1975ರಲ್ಲಿ ಮೊಸಳೆ ಸಂರಕ್ಷಣಾ ಯೋಜನೆ ಆರಂಭವಾದ ಡಾಂಗ್‌ಮಾಲ್‌ನಲ್ಲಿ ಮಧ್ಯಾಹ್ನದ ಊಟಕ್ಕೆ ಇಳಿಯಬಹುದು.

ಉದ್ಯಾನಕ್ಕೆ ದೋಣಿ ಹೊರಡುವ ಖೋಲಾ ಅಥವಾ ಗುಪ್ತಿಯಿಂದ ಹೋಗುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚೆಯೇ ಪಡೆಯುವುದು ಲೇಸು. ದೋಣಿ ಚಿಕ್ಕದಾಗಿರಲಿ, ದಂಡೆಯ ಬಳಿ ಡೀಸೆಲ್ ಎಂಜಿನ್ ನಿಲ್ಲಿಸಿ ಹುಟ್ಟುಹಾಕುವ ಅಂಬಿಗನಿಗೆ ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ಹೊಳೆಯ ಮೇಲೆ ಮಂಜು ಕವಿಯುವುದುಂಟಾದ್ದರಿಂದ ಇಳಿತದ ವೇಳೆಗೆ ಮುನ್ನ ಒಂದೆರಡು ಗಂಟೆ ಬಿಡುವಿಟ್ಟುಕೊಂಡೇ ಹೊರಡುವ ಸಮಯವನ್ನು ನಿಗದಿಪಡಿಸಬೇಕು.